ಸಂಡೂರಿನ ಕೆಂಪು ದೂಳು, ನನ್ನ ಏರ್ ಫಿಲ್ಟರ್

ನನ್ನದು 2012ರ ಡೀಸೆಲ್ ಹ್ಯಾಚ್‌ಬ್ಯಾಕ್, 1,248 ಸಿಸಿ ಟರ್ಬೊ. ಹೊಸಪೇಟೆಯಿಂದ ಸಂಡೂರಿಗೆ ದಿನಾ ಹೋಗಿ ಬರುತ್ತೇನೆ. ಅದಿರು ಲಾರಿಗಳ ಹಿಂದೆ ಏಳುವ ಕೆಂಪು ದೂಳು ಆ ಕಡೆ ಓಡಾಡಿದವರಿಗೆ ಗೊತ್ತೇ ಇದೆ.

ಮೊದಲು ಕಂಪನಿಯ ಫಿಲ್ಟರ್ ಬಾಕ್ಸ್ ತೆಗೆಸಿ, ಬಾನೆಟ್ ಒಳಗೆ ತೆರೆದೇ ಕೂರುವ ಕೋನ್ ಫಿಲ್ಟರ್ ಕಿಟ್ ಹಾಕಿಸಿದೆ. ಪೈಪು, ಕ್ಲಾಂಪು, ಕೂಲಿ ಎಲ್ಲ ಸೇರಿ ಹತ್ತಿರ ಹತ್ತಿರ 9,000 ರೂಪಾಯಿ. ಟರ್ಬೊ ಸಿಳ್ಳೆ ಮಾತ್ರ ಸೊಗಸಾಗಿತ್ತು. ಗಾಡಿಯ ಸೆನ್ಸರ್‌ಗಳ ಲೆಕ್ಕ ತೋರಿಸುವ ಓಬಿಡಿ ರೀಡರ್ ಸಿಕ್ಕಿಸಿ ನೋಡಿದರೆ, ಟ್ರಾಫಿಕ್‌ನಲ್ಲಿ ಒಳಗೆ ಹೋಗುವ ಗಾಳಿ 60 ಡಿಗ್ರಿ ದಾಟಿತ್ತು. ಕಂಪನಿ ಬಾಕ್ಸ್‌ನಲ್ಲಿ 45ರ ಆಸುಪಾಸು ಇರುತ್ತಿತ್ತು. ಬಾನೆಟ್ ಒಳಗಿನ ಬಿಸಿಗಾಳಿ ಎಳೆದುಕೊಂಡರೆ ಪಿಕಪ್ ಎಲ್ಲಿಂದ ಬರಬೇಕು?

ಅದನ್ನು ಕಿತ್ತು, ಕಂಪನಿ ಬಾಕ್ಸ್‌ನಲ್ಲೇ ಕೂರುವ ಎಣ್ಣೆ ಕಾಟನ್ ಫಿಲ್ಟರ್ ತಂದೆ. 4,500. ಒಮ್ಮೆ ತೊಳೆದಾಗ ಎಣ್ಣೆ ಜಾಸ್ತಿ ಆಯಿತು. ಎಂಜಿನ್‌ಗೆ ಹೋಗುವ ಗಾಳಿ ಅಳೆಯುವ ಏರ್‌ಫ್ಲೋ ಸೆನ್ಸರ್‌ಗೆ ಅದು ಅಂಟಿ ಗಾಡಿ ತಿಣುಕತೊಡಗಿತು. ಕ್ಲೀನರ್ ಹೊಡೆದರೂ ಆಗಲಿಲ್ಲ. ಹೊಸ ಸೆನ್ಸರ್‌ಗೆ ಇನ್ನೊಂದು ಆರು ಸಾವಿರ ಹೋಯಿತು.

ಅಷ್ಟರಲ್ಲಿ ಸುಮ್ನೆ ಒಂದು ಪರೀಕ್ಷೆ ಮಾಡಿದ್ದೆ. ಫಿಲ್ಟರ್ ದಾಟಿದ ಮೇಲಿನ ಪೈಪಿನ ಒಳಗೋಡೆಗೆ ಬಿಳಿ ಗ್ರೀಸ್ ತೆಳ್ಳಗೆ ಸವರಿದೆ. ವಾರಕ್ಕೇ ಗ್ರೀಸ್ ಕೆಂಪಾಯಿತು. ಅಷ್ಟು ಅದಿರು ದೂಳು ಟರ್ಬೊಗೆ ಹೋಗುತ್ತಿತ್ತು! ಅವತ್ತೇ ಕಾಟನ್ ಮೇಲಿನ ಆಸೆ ಬಿಟ್ಟೆ.

ಆಮೇಲೆ ಗಾಳಿಗೆ ಎಷ್ಟು ತಡೆ ಆಗುತ್ತಿದೆ ಎಂದು ಅಳೆಯಲು ಪಾರದರ್ಶಕ ಟ್ಯೂಬ್ ತಂದು, ಯು ಆಕಾರಕ್ಕೆ ಬಗ್ಗಿಸಿ ಬಣ್ಣದ ನೀರು ತುಂಬಿ ಫಿಲ್ಟರ್ ಆಚೆ ಬದಿಗೆ ಜೋಡಿಸಿದೆ. 60 ರೂಪಾಯಿ ಖರ್ಚು. ಏರಿನಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಹೊಸ ಪೇಪರ್ ಫಿಲ್ಟರ್‌ಗೆ ಟ್ಯೂಬಿನ ಎರಡು ಬದಿಯ ನೀರಿನ ಮಟ್ಟದ ವ್ಯತ್ಯಾಸ ಸುಮಾರು 4 ಇಂಚು. ಕಾಟನ್‌ಗೆ ಮೂರೂವರೆ. ಫಿಲ್ಟರೇ ತೆಗೆದು ಒಂದೇ ಒಂದು ಸಲ ಓಡಿಸಿದಾಗ 3. ವಾತಾವರಣದ ಒತ್ತಡವೇ ಸುಮಾರು 400 ಇಂಚು ನೀರಿನಷ್ಟು. ಅದರಲ್ಲಿ ಅರ್ಧ ಇಂಚು ಉಳಿಸಲು 4,500 ಕೊಟ್ಟಿದ್ದೆ.

ಹಾಗಾಗಿ ಮತ್ತೆ 350 ರೂಪಾಯಿಯ ಪೇಪರ್‌ಗೇ ಬಂದೆ. ಗ್ಯಾರೇಜ್‌ನಲ್ಲಿ ಎಲ್ಲರೂ ಬೇಡ ಅಂದರು. ಆದರೆ ಕೆಲಸ ಇದ್ದದ್ದು ಬೇರೆ ಕಡೆ. ಗ್ರಿಲ್ ಹಿಂದಿನ ಗಾಳಿ ಪೈಪು ಹಳೆಯದಾಗಿ ಬಿರುಕು ಬಿಟ್ಟಿತ್ತು, ಬಿಸಿಗಾಳಿ ಅಲ್ಲಿಂದಲೇ ನುಗ್ಗುತ್ತಿತ್ತು. ಅದನ್ನು ಬದಲಾಯಿಸಿದೆ. ಬಾಕ್ಸ್ ಮುಚ್ಚಳದ ಅಂಚಿನ ಸೀಲ್ ಹೊಸದಾಗಿ ಮಾಡಿದೆ. ಅದಕ್ಕೆ ಏನು ಹಾಕಿದೆ ಅನ್ನೋದು ಸದ್ಯಕ್ಕೆ ನನ್ನಲ್ಲೇ ಇರಲಿ. ಮೂರು ವಸ್ತು ಹಾಳಾದ ಮೇಲೆ ಸಿಕ್ಕಿದ್ದು ಅದು. ಈಗ ಗ್ರೀಸ್ ತಿಂಗಳಾದರೂ ಬೆಳ್ಳಗೇ ಇರುತ್ತದೆ.

ನಡುವೆ ಪೈಪಿನ ಬಾಯಿಗೆ ಹಳೇ ಸಾಕ್ಸ್ ಕಟ್ಟಿಯೂ ನೋಡಿದೆ. ಮೊದಲ ಮಳೆಗೇ ಒದ್ದೆಯಾಗಿ ಗಾಳಿ ಕಟ್ಟಿತು. ಯಾರೂ ಮಾಡಬೇಡಿ. ಕಂಪ್ರೆಸರ್‌ನಿಂದ ಪೇಪರ್ ಊದಿಸುವುದೂ ಬೇಡ, ಹರಿಯುತ್ತದೆ. ಟ್ಯೂಬ್ 7 ಇಂಚು ತೋರಿಸಿದರೆ ಹೊಸದು ಹಾಕುತ್ತೇನೆ. ನಮ್ಮ ರೋಡಿನಲ್ಲಿ ಅದು ಆರೇಳು ಸಾವಿರ ಕಿ.ಮೀ.ಗೆ ಬರುತ್ತದೆ.

ಈಗ 1,70,000 ಕಿ.ಮೀ. ಆಗಿದೆ. ಮೊನ್ನೆ ದೂಳಿಗೆ ಸವೆದಿದೆಯೇ ಎಂದು ಟರ್ಬೊ ಶಾಫ್ಟ್ ಅಲುಗಾಡಿಸಿ ನೋಡಿದ ಮೆಕ್ಯಾನಿಕ್, “ಇದು ಸಂಡೂರು ರೋಡಲ್ಲಿ ಓಡಿರೋ ಗಾಡೀನಾ ಸರ್?” ಅಂದರು. ಪೇಪರ್ ಬೇಡ ಅಂದವರಲ್ಲಿ ಅವರೂ ಒಬ್ಬರು.