ಕೈಕೆಲಸದ ಮಡಚುವ ಚಾಕು: ಕಡಿಮೆ ಬೆಲೆಗೆ ಒಳ್ಳೆಯದನ್ನು ಆರಿಸುವ ಬಗೆ

ಮಡಚುವ ಚಾಕುವಿನ ಬೆಲೆ ಏರುವುದು ಮೂರು ಕಾರಣಕ್ಕೆ: ಕೀಲಿನ ಕೆಲಸ, ಉಕ್ಕನ್ನು ಕಾಯಿಸಿ ತಣಿಸಿ ಕೊಟ್ಟ ಹದ, ಹಿಡಿ ಮತ್ತು ಅಲಗಿನ ಅಲಂಕಾರ. ಮೊದಲ ಎರಡಕ್ಕೆ ಕೊಟ್ಟ ದುಡ್ಡು ಚಾಕು ಬಾಳುವಷ್ಟು ಕಾಲವೂ ಕೆಲಸಕ್ಕೆ ಬರುತ್ತದೆ. ಮೂರನೆಯದು ಕಣ್ಣಿಗಷ್ಟೇ ಚೆಂದ. ಡಮಾಸ್ಕಸ್ ಅಲಗು (ಬೇರೆ ಬೇರೆ ಉಕ್ಕು ಬೆಸೆದು ಅಲೆಯಂಥ ಗೆರೆ ಮೂಡಿಸಿದ್ದು), ಮ್ಯಾಮತ್ ದಂತ, ಕೆತ್ತನೆಯ ಬೋಲ್ಸ್ಟರ್ (ಹಿಡಿಯ ತುದಿಯ ಲೋಹದ ತುಂಡು), ಬಣ್ಣಬಣ್ಣದ ಮೊಸಾಯಿಕ್ ಪಿನ್ನು ಇವೆಲ್ಲ ಬೇಡವೆಂದು ಬಿಟ್ಟರೆ, ಅದೇ ಕುಶಲಕರ್ಮಿಯ ಅದೇ ಅಚ್ಚುಕಟ್ಟಿನ ಚಾಕು ಬಹಳ ಕಡಿಮೆ ಬೆಲೆಗೆ ಸಿಗುತ್ತದೆ. ಹುಡುಕಾಟ ಇಲ್ಲಿಂದಲೇ ಶುರುವಾಗಬೇಕು.

ಮೊದಲು ಕೀಲು ಯಾವುದೆಂದು ತೀರ್ಮಾನಿಸಿ

ಅತಿ ಸರಳವಾದದ್ದು ಫ್ರಿಕ್ಷನ್ ಫೋಲ್ಡರ್. ಒಂದು ಅಲಗು, ಒಂದು ಹಿಡಿ, ಎರಡನ್ನೂ ಹಿಡಿದಿಡುವ ಒಂದು ಪಿನ್ನು, ಸ್ಪ್ರಿಂಗ್ ಇಲ್ಲ. ಅಲಗಿನ ಬುಡದಲ್ಲಿ ಚಾಚಿಕೊಂಡಿರುವ ಚಿಕ್ಕ ಬಾಲ ತೆರೆದಾಗ ಹಿಡಿಯ ಮೇಲೆ ಕೂರುತ್ತದೆ, ಅದನ್ನು ಹೆಬ್ಬೆರಳಿನಿಂದ ಒತ್ತಿಕೊಂಡೇ ಕತ್ತರಿಸಬೇಕು. ಜಪಾನಿನ ಮಿಕಿ ಪಟ್ಟಣದ ಹಿಗೊನೊಕಾಮಿ ಈ ಜಾತಿಯದು. ಮಡಚಿದ ಹಿತ್ತಾಳೆ ತಗಡೇ ಅದರ ಹಿಡಿ. ಆ ಹೆಸರಿನ ಟ್ರೇಡ್‌ಮಾರ್ಕ್ ಬಳಸುವ ಹಕ್ಕು ಈಗ ನಾಗಾವೊ ಕಾನೆಕೊಮಾ ಕುಲುಮೆಯೊಂದಕ್ಕೇ ಉಳಿದಿದೆ. ಅಳತೆ ಮತ್ತು ಉಕ್ಕಿಗೆ ತಕ್ಕಂತೆ ಜಪಾನಿನೊಳಗೆ ಸುಮಾರು 2,000ದಿಂದ 6,000 ಯೆನ್ ಆಗುತ್ತದೆ. ಇಷ್ಟು ಕಡಿಮೆಗೆ ಇಷ್ಟು ಒಳ್ಳೆಯ ಅಲಗು ಬೇರೆಡೆ ಸಿಗುವುದು ಕಷ್ಟ. ಮೊದಲ ಚಾಕು ಕೊಳ್ಳುವವರಿಗೆ ಇದೇ ಸರಿ.

ಎರಡನೆಯದು ಸ್ಲಿಪ್‌ಜಾಯಿಂಟ್, ಅಂದರೆ ಬೆನ್ನಿನ ಸ್ಪ್ರಿಂಗ್ ಅಲಗಿನ ಬುಡವನ್ನು ಒತ್ತಿ ಹಿಡಿಯುವ ಬಗೆ. ನೋಡಲು ಸರಳ, ಮಾಡಲು ಕಷ್ಟ. ಇಲ್ಲಿ ಸ್ಕ್ರೂ ಬಿಗಿದು ಸರಿಪಡಿಸುವ ಅವಕಾಶವಿಲ್ಲ. ಪಿನ್ನನ್ನು ಸುತ್ತಿಗೆಯಿಂದ ತಟ್ಟಿ ಅಗಲಿಸಿದ ಮೇಲೆ ಕೆಲಸ ಮುಗಿಯಿತು. ಅಮೆರಿಕದಲ್ಲಿ ಒಬ್ಬರೇ ಕೂತು ಮಾಡಿದ ಒಳ್ಳೆಯ ಸ್ಲಿಪ್‌ಜಾಯಿಂಟ್ ಸುಮಾರು 250 ಡಾಲರ್‌ನಿಂದ ಶುರುವಾಗುತ್ತದೆ. ಹೆಸರಾದವರದ್ದು ಅದರ ಎರಡು ಮೂರು ಪಟ್ಟು.

ಲೈನರ್ ಲಾಕ್, ಫ್ರೇಮ್ ಲಾಕ್‌ನಂಥ, ತೆರೆದ ಅಲಗು ಮಡಚದಂತೆ ತಡೆಯುವ ಬೀಗವಿರುವ ಚಾಕುಗಳನ್ನು ಕಡಿಮೆ ಬೆಲೆಯ ಪಟ್ಟಿಯಿಂದ ಬಿಡುವುದು ಒಳ್ಳೆಯದು. ಬೀಗದ ಕೋನ ಕೂದಲೆಳೆಯಷ್ಟು ತಪ್ಪಿದರೂ ಅದು ಜಾರುತ್ತದೆ, ಇಲ್ಲವೇ ಕಚ್ಚಿಕೊಳ್ಳುತ್ತದೆ. ಬೀಗವನ್ನು ನಂಬಿದ ಬೆರಳಿಗೆ ಗಾಯ ಖಂಡಿತ. ಅಗ್ಗದ ಬೀಗಕ್ಕಿಂತ ಬೀಗವೇ ಇಲ್ಲದ ಚಾಕು ಸುರಕ್ಷಿತ, ಏಕೆಂದರೆ ಅದನ್ನು ಹಿಡಿದವರು ಹುಷಾರಾಗಿಯೇ ಹಿಡಿಯುತ್ತಾರೆ.

ಎಲ್ಲಿ ಹುಡುಕುವುದು

ಒಂದೇ ಕಸುಬು ಊರಿಗೆಲ್ಲ ಹಬ್ಬಿರುವ ಕಡೆ ಬೆಲೆ ನ್ಯಾಯವಾಗಿರುತ್ತದೆ. ಸ್ಪೇನಿನ ಅಸ್ತೂರಿಯಾಸ್ ಪ್ರಾಂತದ ತಾರಾಮುಂದಿ ಅಂಥ ಊರು. ಬಾಕ್ಸ್‌ವುಡ್ ಹಿಡಿಯ ಚಿಕ್ಕ ಚಾಕುಗಳು ಅಲ್ಲಿನ ಗುರುತು, ಮನೆಗಳಿಗೆ ಅಂಟಿಕೊಂಡ ಕುಲುಮೆಗಳಲ್ಲೇ ಮಾರುತ್ತಾರೆ. ಫ್ರಾನ್ಸಿನ ಥಿಯೆರ್‌ನಲ್ಲಿ ದೊಡ್ಡ ಕಾರ್ಖಾನೆಗಳ ಪಕ್ಕದಲ್ಲೇ ಒಂಟಿಯಾಗಿ ಕೆಲಸ ಮಾಡುವವರೂ ಇದ್ದಾರೆ. ಅಲ್ಲಿ ಕುಟೆಲಿಯಾ ಎಂಬ ಚಾಕು ಮೇಳ ನಡೆಯುತ್ತದೆ. ಸಾರ್ಡಿನಿಯಾದ ಪಟ್ಟಾಡಾದಲ್ಲಿ ಟಗರಿನ ಕೊಂಬಿನ ಹಿಡಿಯ ಚಾಕು ಮಾಡುತ್ತಾರೆ, ಆದರೆ ಅಪ್ಪಟ ಕೈಕೆಲಸದ್ದು ಅಗ್ಗವಲ್ಲ. ಅಮೆರಿಕದಲ್ಲಿ ಅಟ್ಲಾಂಟಾದ ಬ್ಲೇಡ್ ಶೋ ದೊಡ್ಡದು. ಅಲ್ಲಿ ಹಿಂದಿನ ಸಾಲಿನ ಮೇಜುಗಳನ್ನು ನೋಡಿ: ಕೈ ಕುದುರಿದ್ದರೂ ಹೆಸರು ಇನ್ನೂ ಆಗದವರು ಸಿಗುವುದು ಅಲ್ಲಿಯೇ.

ಮೇಳಕ್ಕೆ ಹೋಗಲಾಗದವರು ಕುಶಲಕರ್ಮಿಗಳ ಸಂಘಗಳ ಸದಸ್ಯರ ಪಟ್ಟಿ ಹಿಡಿದು, ಒಬ್ಬೊಬ್ಬರ ಇನ್‌ಸ್ಟಾಗ್ರಾಂ ಪುಟ ನೋಡಬೇಕು. ಇಲ್ಲೊಂದು ಎಚ್ಚರಿಕೆ. ಅಮೆರಿಕನ್ ಬ್ಲೇಡ್‌ಸ್ಮಿತ್ ಸೊಸೈಟಿಯ ಜರ್ನಿಮನ್ ದರ್ಜೆಯ ಪರೀಕ್ಷೆಯಲ್ಲಿ ನೇತುಹಾಕಿದ ಹಗ್ಗವನ್ನು ಅಲಗು ಕತ್ತರಿಸಬೇಕು, ಮರದ ತುಂಡು ಕಡಿಯಬೇಕು, ಅದಾದ ಮೇಲೂ ಕೂದಲು ಬೋಳಿಸಬೇಕು, ಕೊನೆಗೆ 90 ಡಿಗ್ರಿ ಬಾಗಬೇಕು. ಆ ಪರೀಕ್ಷೆ ಗೆದ್ದವರ ಮುದ್ರೆ ಉಕ್ಕಿನ ಹದಕ್ಕೆ ದೊಡ್ಡ ಸಾಕ್ಷಿ. ಆದರೆ ಪರೀಕ್ಷೆಗೆ ಒಡ್ಡುವುದು ಮಡಚದ ಅಲಗನ್ನು. ಕೀಲಿನ ಕೆಲಸ ಗೊತ್ತೇ ಎಂಬುದನ್ನು ಬೇರೆಯಾಗಿಯೇ ನೋಡಬೇಕು.

ಸಗಟು ಮಾಲನ್ನು ಕೈಕೆಲಸವೆಂದು ಮಾರುವವರೂ ಬೇಕಾದಷ್ಟಿದ್ದಾರೆ. ಗುರುತಿಸುವುದು ಸುಲಭ: ಒಂದೇ ಮಾದರಿಯ ಹತ್ತಾರು ಚಾಕು ಸದಾ ಸಿದ್ಧವಿರುತ್ತದೆ, ಉಕ್ಕಿನ ಹೆಸರಿನ ಜಾಗದಲ್ಲಿ ಬರೀ ‘ಡಮಾಸ್ಕಸ್’ ಎಂದಿರುತ್ತದೆ, ಬೆಲೆ ಎರಡು ಮೂರು ಸಾವಿರ ರೂಪಾಯಿ. ನಿಜವಾಗಿ ಬೆಸೆದವರು 1095 ಮತ್ತು 15ಎನ್20 ಎಂದು ಎರಡೂ ಉಕ್ಕಿನ ಹೆಸರು ಹೇಳುತ್ತಾರೆ. ಅರ್ಧ ಮುಗಿದ ಚಾಕುವಿನ ಚಿತ್ರ ಕೇಳಿ. ಮಾಡುವವರ ಬಳಿ ಅದು ಇದ್ದೇ ಇರುತ್ತದೆ.

ಚಿತ್ರ ನೋಡಿ ಕೆಲಸ ಅಳೆಯುವುದು

ಚೆಂದದ ಹಿನ್ನೆಲೆಯಲ್ಲಿ ಓರೆಯಾಗಿ ತೆಗೆದ ಒಂದು ಚಿತ್ರ ಸಾಲದು. ಈ ನಾಲ್ಕನ್ನು ಕೇಳಿ ತರಿಸಿಕೊಳ್ಳಿ: ಪೂರ್ತಿ ತೆರೆದಾಗ ಬೆನ್ನಿನ ಕಡೆಯಿಂದ, ಮಡಚಿದಾಗ ಬೆನ್ನಿನ ಕಡೆಯಿಂದ, ಮಡಚಿದಾಗ ಅಲಗು ಇಳಿಯುವ ಸಂದಿಯ ಕಡೆಯಿಂದ, ಬೆಳಕಿಗೆ ಎದುರಾಗಿ ಹಿಡಿದು ಪಕ್ಕದಿಂದ.

ಬೆನ್ನಿನ ಚಿತ್ರಗಳಲ್ಲಿ ನೋಡಬೇಕಾದ್ದು ಸ್ಪ್ರಿಂಗ್ ಮಟ್ಟ. ತೆರೆದಾಗಲೂ ಮಡಚಿದಾಗಲೂ ಅದು ಎರಡು ಬದಿಯ ಲೈನರ್‌ಗಳೊಂದಿಗೆ, ಅಂದರೆ ಹಿಡಿಯೊಳಗಿನ ಲೋಹದ ತಗಡುಗಳೊಂದಿಗೆ, ಸಮವಾಗಿರಬೇಕು. ಅರ್ಧ ತೆರೆದಾಗ ತಡೆದು ನಿಲ್ಲುವ ಹಾಫ್‌ಸ್ಟಾಪ್ ಇದ್ದರೆ ಅಲ್ಲಿಯೂ ಸಮವಿರಬೇಕು. ಒಂದು ನೆಲೆಯಲ್ಲಿ ಸ್ಪ್ರಿಂಗ್ ಕುಗ್ಗಿ ಇನ್ನೊಂದರಲ್ಲಿ ಉಬ್ಬಿದ್ದರೆ, ಅಲಗಿನ ಬುಡವನ್ನು ಅರದಿಂದ ತಿದ್ದುವಾಗ ಅಳತೆ ತಪ್ಪಿದೆ. ಅಲಗು ತಿರುಗುವ ಪಿವಟ್ ಪಿನ್ನಿನ ತೂತಿನಿಂದ ಬುಡದ ಪ್ರತಿ ಮುಖಕ್ಕೂ ಇರುವ ದೂರ ಒಂದೇ ಆಗದಿದ್ದಾಗ ಹೀಗಾಗುತ್ತದೆ. ಮುಗಿದ ಚಾಕುವಿನಲ್ಲಿ ಇದಕ್ಕೆ ಮದ್ದಿಲ್ಲ.

ಬೆಳಕಿಗೆ ಹಿಡಿದಾಗ ಸ್ಪ್ರಿಂಗ್ ಮತ್ತು ಅಲಗಿನ ಬುಡ ಕೂಡುವ ಜಾಗದಲ್ಲಿ ಬೆಳಕು ಕಾಣಬಾರದು. ಅಲ್ಲಿ ಸಂದಿಯಿದ್ದರೆ ಕೊಳೆ, ನೀರು ಸೇರಿ ಒಳಗಿಂದೊಳಗೇ ತುಕ್ಕು ಹಿಡಿಯುತ್ತದೆ, ಜೊತೆಗೆ ತೆರೆದ ಅಲಗು ಮೇಲೆ ಕೆಳಗೆ ಅಲುಗಾಡುತ್ತದೆ.

ಸಂದಿಯ ಕಡೆಯ ಚಿತ್ರದಲ್ಲಿ ಅಲಗು ನಡುವೆ ಕೂತಿದೆಯೇ ನೋಡಿ. ತುಸು ಒಂದು ಬದಿಗೆ ವಾಲಿದ್ದರೆ ಪರವಾಗಿಲ್ಲ. ಲೈನರ್‌ಗೆ ಉಜ್ಜಿ ಗೀರು ಬಿದ್ದಿದ್ದರೆ ಬೇಡ. ಮೊನೆ ಹಿಡಿಯ ಅಂಚಿಗಿಂತ ಒಳಗಿರಬೇಕು, ಇಲ್ಲದಿದ್ದರೆ ಜೇಬೂ ಬೆರಳೂ ಹರಿಯುತ್ತವೆ. ಇನ್ನೊಂದು ದೋಷ ಚಿತ್ರದಲ್ಲಿ ಕಾಣುವುದಿಲ್ಲ: ಚಾಕು ಮಡಚಿದಾಗ ಅಲಗಿನ ಬಾಯಿ ಒಳಗಿನ ಸ್ಪ್ರಿಂಗ್‌ಗೆ ಬಡಿಯುವುದು. ಇದನ್ನು ತಪ್ಪಿಸಲೆಂದೇ ಬುಡದ ಹತ್ತಿರ ಒಂದು ಚಿಕ್ಕ ಉಬ್ಬು ಬಿಟ್ಟಿರುತ್ತಾರೆ. ಆ ಉಬ್ಬು ಸವೆದರೆ ಇಲ್ಲವೇ ಸಾಣೆ ಹಿಡಿಯುವಾಗ ತೇಯ್ದುಹೋದರೆ, ಪ್ರತಿ ಬಾರಿ ಮಡಚಿದಾಗಲೂ ಬಾಯಿಯ ಅದೇ ಜಾಗ ಮೊಂಡಾಗುತ್ತದೆ. ಹೀಗೆ ಬಡಿಯುತ್ತದೆಯೇ ಎಂದು ನೇರವಾಗಿ ಕೇಳಿ.

ಏನು ಕೇಳಬೇಕು

ಉಕ್ಕು ಯಾವುದು, ಗಡಸುತನ ಎಷ್ಟು, ಹದ ಕೊಟ್ಟವರು ಯಾರು ಎಂಬುದು ಮೊದಲ ಪ್ರಶ್ನೆ. 1095, ಒ1, 52100 ಕಾರ್ಬನ್ ಉಕ್ಕುಗಳು. ಎಇಬಿ-ಎಲ್, 12ಸಿ27, 14ಸಿ28ಎನ್ ಸ್ಟೇನ್‌ಲೆಸ್. ಗಡಸುತನವನ್ನು ರಾಕ್‌ವೆಲ್ ಸಿ ಮಾಪನದಲ್ಲಿ ಹೇಳುತ್ತಾರೆ, ಅಲಗಿಗೆ 58ರಿಂದ 62 ಸಾಮಾನ್ಯ. ಸ್ಪ್ರಿಂಗ್ ಅದಕ್ಕಿಂತ ಮೆತ್ತಗಿರಬೇಕು, 50ರ ಸುಮಾರು. ಅಷ್ಟೇ ಗಡಸಾದರೆ ಚಳಿಯಲ್ಲೊಂದು ದಿನ ಸ್ಪ್ರಿಂಗ್ ಮುರಿಯುತ್ತದೆ. ಹದವನ್ನು ಹೊರಗಿನ ಕಂಪನಿಗೆ ಕಳಿಸಿ ಮಾಡಿಸಿದ್ದೆಂದರೆ ಮೂಗು ಮುರಿಯಬೇಡಿ. ಸ್ಟೇನ್‌ಲೆಸ್‌ಗೆ 1,000 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಶಾಖವನ್ನು ನಿಖರವಾಗಿ ಹಿಡಿದಿಡಬೇಕು, ಅದು ಮನೆಯ ಕುಲುಮೆಯಲ್ಲಿ ಆಗುವ ಕೆಲಸವಲ್ಲ. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಯಲ್ಲಿ ಇರುವವರು ಸ್ಟೇನ್‌ಲೆಸ್ಸನ್ನೇ ಆರಿಸಿ.

ಅಲಗಿನ ದಪ್ಪವನ್ನೂ ಕೇಳಿ. ಜೇಬಿನ ಚಾಕುವಿಗೆ ಬೆನ್ನಿನಲ್ಲಿ 2ರಿಂದ 2.5 ಮಿಲಿಮೀಟರ್, ಬಾಯಿಯ ಹಿಂದೆ 0.3ರಿಂದ 0.5 ಮಿಲಿಮೀಟರ್ ಸಾಕು. 4 ಮಿಲಿಮೀಟರ್ ಅಲಗು ಗಟ್ಟಿಮುಟ್ಟಾಗಿ ಕಂಡರೂ ಸೇಬನ್ನು ಕತ್ತರಿಸುವ ಬದಲು ಸೀಳುತ್ತದೆ. ಮುಂದೆ ಕೀಲು ಸಡಿಲವಾದರೆ ಸರಿಮಾಡಿಕೊಡುತ್ತೀರಾ, ಅಂಚೆ ಖರ್ಚು ಯಾರದು ಎಂಬುದಕ್ಕೆ ಬರವಣಿಗೆಯಲ್ಲಿ ಉತ್ತರ ಪಡೆಯಿರಿ.

ಹಿಡಿಗೆ ಕ್ಯಾನ್‌ವಾಸ್ ಮೈಕಾರ್ಟಾ (ರಾಳದಲ್ಲಿ ಒತ್ತಿ ಗಟ್ಟಿಮಾಡಿದ ಬಟ್ಟೆ) ಅತಿ ಲಾಭದ ಆಯ್ಕೆ: ನೀರಿಗೆ ಉಬ್ಬದು, ಒಣಗಿ ಬಿರಿಯದು. ಇಲ್ಲಿಗೆ ತರಿಸುವವರು ದಂತ ಮತ್ತು ಜಿಂಕೆ, ಕಡವೆಗಳ ಕೊಂಬಿನ ಹಿಡಿಯನ್ನು ಬಿಟ್ಟೇಬಿಡಿ. 1972ರ ವನ್ಯಜೀವಿ ಕಾಯ್ದೆಯ ಕಾರಣ ಕಸ್ಟಮ್ಸ್‌ನಲ್ಲಿ ತೊಡಕಾಗುತ್ತದೆ.

ದುಡ್ಡು, ಅಂಚೆ, ಕಾನೂನು

ಆರ್ಡರ್ ಕೊಟ್ಟು ಮಾಡಿಸುವುದಕ್ಕಿಂತ ಮಾಡಿ ಮುಗಿಸಿಟ್ಟದ್ದನ್ನು ಕೊಳ್ಳುವುದು ಅಗ್ಗ, ಕಾಯುವುದೂ ತಪ್ಪುತ್ತದೆ. ನಿಮ್ಮ ಇಷ್ಟದ ಒಂದೊಂದು ಬದಲಾವಣೆಗೂ ಕೂಲಿ ಸೇರುತ್ತದೆ. ಬೋಲ್ಸ್ಟರ್ ಮೇಲೆ ಗೀರು, ಮರದಲ್ಲಿ ಕಲೆ ಇರುವಂಥವನ್ನು ಹಲವರು ಕಡಿಮೆಗೆ ಕೊಡುತ್ತಾರೆ. ಕೀಲು ಸರಿಯಿದ್ದರೆ ಕಣ್ಣುಮುಚ್ಚಿ ತೆಗೆದುಕೊಳ್ಳಬಹುದು. ಆರ್ಡರ್ ಕೊಡಲೇಬೇಕಾದರೆ ಪೂರ್ತಿ ಹಣ ಮುಂಗಡ ಬೇಡ. ಒಬ್ಬರೇ ದುಡಿಯುವ ಕಡೆ ಕಾಯಿಲೆ, ಯಂತ್ರದ ರಿಪೇರಿ ಎಂದು ಕೆಲಸ ನಿಲ್ಲುವುದುಂಟು. ಕೆಲಸ ಮುಗಿದು ಚಿತ್ರ ಬಂದ ಮೇಲೆ ಉಳಿದದ್ದನ್ನು ಕೊಡುವ ಒಪ್ಪಂದ ಇಬ್ಬರಿಗೂ ಸರಿ.

ಪಾರ್ಸೆಲ್ ಮೇಲೆ ‘ಮಡಚುವ ಜೇಬಿನ ಚಾಕು, ಬೀಗವಿಲ್ಲ’ ಎಂದು ಸ್ಪಷ್ಟವಾಗಿ ಬರೆಸಿ. ಇಂಥ ಚಾಕುಗಳ ಕಸ್ಟಮ್ಸ್ ವರ್ಗೀಕರಣ ಸಂಖ್ಯೆ 8211.93. ‘ಉಡುಗೊರೆ’ ಎಂದು ಸುಳ್ಳು ಬರೆಸಿದರೆ ತಡೆಹಿಡಿದಾಗ ಬಿಡಿಸಿಕೊಳ್ಳಲು ದಾರಿಯಿರುವುದಿಲ್ಲ. ಸುಂಕ ಎಷ್ಟೆಂದು ಕೊರಿಯರ್‌ನವರಿಂದ ಮೊದಲೇ ತಿಳಿದು ಬೆಲೆಗೆ ಸೇರಿಸಿ ಲೆಕ್ಕ ಹಾಕಿ.

ನಮ್ಮ ಶಸ್ತ್ರಾಸ್ತ್ರ ನಿಯಮಗಳಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳು, ಮನೆ, ಬೇಸಾಯ, ಕೈಗಾರಿಕೆಗಳ ಬಳಕೆಗೆ ಮಾಡಿದವನ್ನು ಬಿಟ್ಟು, ಶಸ್ತ್ರದ ವರ್ಗಕ್ಕೆ ಸೇರುತ್ತವೆ. ಗುಂಡಿ ಒತ್ತಿದರೆ ಚಿಮ್ಮುವ ಚಾಕುಗಳಿಗೆ ದೆಹಲಿಯಂಥ ಕಡೆ ಪ್ರತ್ಯೇಕ ನಿರ್ಬಂಧವಿದೆ, ಅವುಗಳ ಗೊಡವೆ ಬೇಡ. ಮೂರಿಂಚಿನ ಸ್ಲಿಪ್‌ಜಾಯಿಂಟ್ ಆದರೂ ವಿಮಾನದ ಕೈಚೀಲದಲ್ಲಿ ಒಯ್ಯುವಂತಿಲ್ಲ. ಬ್ರಿಟನ್ನಿನಲ್ಲಿರುವವರು ನೆನಪಿಡಬೇಕಾದ್ದು: ಕಾರಣ ಹೇಳದೆ ಜೇಬಿನಲ್ಲಿಟ್ಟುಕೊಳ್ಳಬಹುದಾದ್ದು ಬೀಗವಿಲ್ಲದ, 3 ಇಂಚು ಮೀರದ ಬಾಯಿಯ ಮಡಚುವ ಚಾಕು ಮಾತ್ರ. ಜರ್ಮನಿಯಲ್ಲಿ ಒಂದೇ ಕೈಯಲ್ಲಿ ತೆರೆದು ಬೀಗ ಬೀಳುವಂಥದ್ದನ್ನು ಸಕಾರಣವಿಲ್ಲದೆ ಹೊತ್ತು ತಿರುಗುವಂತಿಲ್ಲ.

ಚಾಕು ಕೈಗೆ ಬಂದ ದಿನ

ವಾಪಸ್ ಕಳಿಸುವ ಅವಧಿ ಮುಗಿಯುವುದರೊಳಗೆ, ಗುರುತು ಬೀಳದ ಪರೀಕ್ಷೆಗಳನ್ನು ಮೊದಲು ಮಾಡಿ. ಇಪ್ಪತ್ತು ಬಾರಿ ನಿಧಾನವಾಗಿ ತೆರೆದು ಮಡಚಿ. ಪ್ರತಿ ನೆಲೆಯಲ್ಲೂ ಟಕ್ ಎಂದು ಕೂರಬೇಕು, ಮಧ್ಯೆ ಗರಗರ ಎನ್ನಬಾರದು. ಅಲಗಿನ ಬೆನ್ನು ಹಿಡಿದು ಎಡಬಲಕ್ಕೆ ಅಲ್ಲಾಡಿಸಿ: ಹೊಸ ಚಾಕು ಅಲುಗಲೇಬಾರದು. ಬುಡದಿಂದ ಮೊನೆಯವರೆಗೆ ಒಂದೇ ಎಳೆತದಲ್ಲಿ ತೆಳು ಕಾಗದ ಕತ್ತರಿಸಿ. ಪ್ರತಿ ಸಲ ಒಂದೇ ಜಾಗದಲ್ಲಿ ಸಿಕ್ಕಿಕೊಂಡರೆ ಬಾಯಿ ಒಳಗಡೆ ಬಡಿಯುತ್ತಿರಬಹುದು.

ಇಷ್ಟು ಸರಿಯಿದ್ದು ಇಟ್ಟುಕೊಳ್ಳುವುದೆಂದು ನಿರ್ಧರಿಸಿದ ಮೇಲೆ ಹದದ ಪರೀಕ್ಷೆ. 6 ಮಿಲಿಮೀಟರ್ ಹಿತ್ತಾಳೆ ಸರಳಿನ ಮೇಲೆ ಅಲಗನ್ನು ಸಾಣೆಯ ಕೋನದಲ್ಲಿಟ್ಟು ಮೆಲ್ಲನೆ ಒತ್ತಿ. ಬಾಯಿ ತುಸು ಬಾಗಿ ಬಿಟ್ಟಕೂಡಲೇ ನೆಟ್ಟಗಾದರೆ ಹದ ಸರಿ. ಬಾಗಿಯೇ ಉಳಿದರೆ ಮೆತ್ತಗಾಗಿದೆ, ಚೂರು ಸಿಡಿದರೆ ಗಡಸು ಜಾಸ್ತಿ. ಎರಡರಲ್ಲಿ ಯಾವುದಾದರೂ ಕಂಡರೆ ಹತ್ತಿರದ ಚಿತ್ರ ತೆಗೆದು ಮಾಡಿದವರಿಗೆ ಕಳಿಸಿ. ಹೆಸರು ಉಳಿಸಿಕೊಳ್ಳಬೇಕೆನ್ನುವವರು ಅಲಗು ಬದಲಿಸಿಕೊಡುತ್ತಾರೆ.

ಕೀಲಿಗೆ ಒಂದು ಹನಿ ಮಿನರಲ್ ಆಯಿಲ್ ಹಾಕಿ ಹತ್ತು ಬಾರಿ ಆಡಿಸಿ, ಹೊರಬಂದ ಕಪ್ಪನ್ನು ಒರೆಸಿ, ಮತ್ತೊಂದು ಹನಿ ಬಿಡಿ. ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆ ಬೇಡ. ಅವು ಕಾಲ ಕಳೆದಂತೆ ಅಂಟಾಗಿ ಸ್ಪ್ರಿಂಗನ್ನು ಕಟ್ಟಿಹಾಕುತ್ತವೆ. ಕಾರ್ಬನ್ ಅಲಗಿನಲ್ಲಿ ಮಾವಿನಕಾಯಿ, ನಿಂಬೆ ಹೆಚ್ಚಿದರೆ ಕೂಡಲೇ ಒರೆಸಬೇಕು. ನಿಧಾನವಾಗಿ ಬರುವ ನೀಲಿಬೂದು ಬಣ್ಣ ಒಳ್ಳೆಯದೇ, ಅದನ್ನು ಉಜ್ಜಿ ತೆಗೆಯಬೇಡಿ. ಕೆಂಪು ತುಕ್ಕು ಕಂಡರೆ ಮಾತ್ರ ಅದೇ ಎಣ್ಣೆ ಹಚ್ಚಿ ಸಣ್ಣ ಉಕ್ಕಿನ ನಾರಿನಿಂದ ತಿಕ್ಕಿ.