ಹೊಸ ಟೈರ್ ಎರಡೇ ಸಾಕಾ? ಮೊದಲು ಚಾಕ್‌ಪೀಸ್ ತನ್ನಿ

ಬಳ್ಳಾರಿಯ ಕೌಲ್ ಬಜಾರ್ ಕಡೆ ನನ್ನದೊಂದು ಸಣ್ಣ ವೀಲ್ ಅಲೈನ್‌ಮೆಂಟ್ ಅಂಗಡಿ. ಹದಿನೆಂಟು ವರ್ಷದಿಂದ ಟೈರ್ ಬಿಚ್ಚುವುದು, ಹಾಕುವುದು, ಗಾಳಿ ನೋಡುವುದು, ಇಷ್ಟೇ ಕೆಲಸ. ಇಷ್ಟು ವರ್ಷದಲ್ಲಿ ಒಂದು ಗಾಡಿಯನ್ನು ನಾನೇ ಕೈಯಾರೆ ಕೆಡಿಸಿದ್ದೇನೆ. ಅಲ್ಲಿಂದಲೇ ಶುರು ಮಾಡುತ್ತೇನೆ.

ಸಂಡೂರು ಕಡೆಯ ಒಬ್ಬ ಗುತ್ತಿಗೆದಾರರು ಬಂದಿದ್ದರು. ಅವರದು ನಾಲ್ಕೂ ಚಕ್ರ ಎಳೆಯುವ ಆಲ್ ವೀಲ್ ಡ್ರೈವ್ ಕಾರು. ಯಾವ ಕಂಪನಿ ಅನ್ನುವುದು ಬೇಡ, ಗಾಡಿಯದು ಏನೂ ತಪ್ಪಿರಲಿಲ್ಲ. ಮುಂದಿನ ಎರಡು ಟೈರ್ ಬೋಳಾಗಿದ್ದವು. "ಹಿಂದಿನವು ಇನ್ನೂ ಹತ್ತು ಸಾವಿರ ಓಡ್ತಾವೆ. ಮುಂದಕ್ಕೆ ಎರಡು ಹಾಕಪ್ಪ, ಸಾಕು" ಅಂದರು. ಹಾಕಿದೆ. ಅದೇ ಕಂಪನಿ, ಅದೇ ಸೈಜು, 215/65 ಆರ್ 16. ಐದು ತಿಂಗಳಿಗೆ ವಾಪಸ್ ಬಂದರು. ಹಿಂದುಗಡೆ ಗುಂಯ್ ಅನ್ನುತ್ತೆ, ರಾಯಲ್ ಸರ್ಕಲ್‌ನಲ್ಲಿ ತಿರುಗಿಸಿದರೆ ಯಾರೋ ಹಿಂದಿನಿಂದ ಹಿಡಿದು ಎಳೆದ ಹಾಗಾಗುತ್ತೆ ಅಂದರು.

ಅಲೈನ್‌ಮೆಂಟ್ ನೋಡಿದೆ, ಸರಿಯಿತ್ತು. ಬ್ಯಾಲೆನ್ಸಿಂಗ್ ಮಾಡಿದೆ. ಬೇರಿಂಗ್ ಇರಬಹುದು ಅಂತ ಜಾಕ್ ಏರಿಸಿ ಚಕ್ರ ಅಲ್ಲಾಡಿಸಿದೆ. ಏನೂ ಸಿಗಲಿಲ್ಲ. ಕೊನೆಗೆ ಗೇರ್ ಕೆಲಸದ ಮೇಸ್ತ್ರಿಯೊಬ್ಬರನ್ನು ಕರೆಸಿದೆ. ಅವರು ಹಿಂದಿನ ಕಪ್ಲಿಂಗಿನ, ಅಂದರೆ ಹಿಂದಿನ ಚಕ್ರಗಳಿಗೆ ಎಳೆತ ದಾಟಿಸುವ ಕ್ಲಚ್ಚಿನಂಥ ಭಾಗದ, ಆಯಿಲ್ ಇಳಿಸಿದರು. ಕಾಡಿಗೆಯಂತೆ ಕಪ್ಪು, ಸುಟ್ಟ ಕ್ಲಚ್ಚಿನ ವಾಸನೆ. ಬಗ್ಗಿ ಹಿಂದಿನ ಟೈರ್ ನೋಡಿದರು, ಮುಂದಿನ ಟೈರ್ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ಕಪ್ಲಿಂಗ್ ಪೂರ್ತಿ ಬದಲಿಸಬೇಕಾಯಿತು. ಉಳಿದದ್ದು ಎರಡು ಟೈರಿನ ದುಡ್ಡು, ಹೋದದ್ದು ಅದರ ಎಷ್ಟೋ ಪಟ್ಟು. ಆ ಗುತ್ತಿಗೆದಾರರು ನನಗೆ ಒಂದು ಮಾತೂ ಬೈಯಲಿಲ್ಲ. ಬೇರೆ ಅಂಗಡಿಗೆ ಹೋಗತೊಡಗಿದರು, ಅಷ್ಟೇ.

ಸೈಜು ಒಂದೇ ಇದ್ದರೂ ಹೀಗೇಕಾಯಿತು? ಸ್ವಲ್ಪ ಲೆಕ್ಕ ನೋಡೋಣ. 215/65 ಆರ್ 16 ಅಂದರೆ ಟೈರಿನ ಅಗಲ 215 ಮಿ.ಮೀ., ಪಕ್ಕದ ಗೋಡೆಯ ಎತ್ತರ ಆ ಅಗಲದ ನೂರಕ್ಕೆ 65 ಪಾಲು, ರಿಮ್ 16 ಇಂಚು. ಹೊಸ ಟೈರ್ ನಿಲ್ಲಿಸಿದರೆ ಸುಮಾರು 686 ಮಿ.ಮೀ. ಎತ್ತರ, ಸುತ್ತಳತೆ 2,155 ಮಿ.ಮೀ. ಹೊಸದರಲ್ಲಿ ಟ್ರೆಡ್, ಅಂದರೆ ನೆಲಕ್ಕೆ ತಾಗುವ ರಬ್ಬರಿನ ಗೀರು, ಸಾಮಾನ್ಯವಾಗಿ 8 ಮಿ.ಮೀ. ಆಳ ಇರುತ್ತದೆ. ಅದು 3ಕ್ಕೆ ಇಳಿಯಿತು ಅನ್ನಿ. ಮೇಲೆ 5, ಕೆಳಗೆ 5, ಒಟ್ಟು 10 ಮಿ.ಮೀ. ಎತ್ತರ ಹೋಯಿತು. ಸುತ್ತಳತೆಯಲ್ಲಿ 31 ಮಿ.ಮೀ. ಕಮ್ಮಿ. ಇದೇನು ಮಹಾ ಅನಿಸುತ್ತೆ, ಅಲ್ವಾ? ಆದರೆ ಒಂದು ಕಿ.ಮೀ.ಗೆ ಹೊಸ ಟೈರ್ 464 ಸುತ್ತು ಹೊಡೆದರೆ ಹಳೆಯದು 471 ಹೊಡೆಯುತ್ತದೆ. ಏಳು ಸುತ್ತು ಜಾಸ್ತಿ. ಬಳ್ಳಾರಿಯಿಂದ ಹೊಸಪೇಟೆಗೆ 60 ಕಿ.ಮೀ. ಹಿಡಿದರೆ ನಾನೂರು ಸುತ್ತಿನ ಮೇಲಾಯಿತು. ಬೆಂಗಳೂರಿಗೆ ಹೋದರೆ ಎರಡು ಸಾವಿರ ದಾಟುತ್ತದೆ.

ಎತ್ತಿನ ಗಾಡಿಗೆ ಈ ತಾಪತ್ರಯ ಇಲ್ಲ. ಅಚ್ಚು ತಿರುಗುವುದಿಲ್ಲ, ಗಾಲಿ ಎರಡೂ ತಮ್ಮ ಪಾಡಿಗೆ ತಿರುಗುತ್ತವೆ. ಒಂದು ಗಾಲಿ ಸ್ವಲ್ಪ ಸಣ್ಣದಿದ್ದರೂ ಕಡಾಣಿ ಗಟ್ಟಿ ಇದ್ದರೆ ಸಾಕು. ಬರೀ ಮುಂದಿನ ಚಕ್ರ ಎಳೆಯುವ ಕಾರಿನಲ್ಲೂ ಹಿಂದಿನವು ಸುಮ್ನೆ ಉರುಳುತ್ತಾ ಬರುತ್ತವೆ. ಆಲ್ ವೀಲ್ ಡ್ರೈವ್‌ನಲ್ಲಿ ಹಾಗಲ್ಲ. ಮುಂದೆ ಹಿಂದೆ ಎರಡನ್ನೂ ಶಾಫ್ಟು, ಗೇರು, ಕ್ಲಚ್ ಪ್ಲೇಟುಗಳು ಕಟ್ಟಿಹಾಕಿವೆ. ಹಿಂದಿನ ಚಕ್ರದ ಆ ನಾನೂರು ಸುತ್ತು ಇವುಗಳ ನಡುವೆಯೇ ಜಾರಬೇಕು. ಜಾರಿದ್ದೆಲ್ಲ ಬಿಸಿಯಾಗುತ್ತದೆ. ತಿರುವಿನಲ್ಲಿ ಒಂದೆರಡು ಕ್ಷಣ ಜಾರಲಿ ಅಂತ ಮಾಡಿದ ಭಾಗ ನೇರ ರಸ್ತೆಯಲ್ಲೂ ದಿನವಿಡೀ ಜಾರಿದರೆ ಎಷ್ಟು ದಿನ ತಾಳೀತು?

ಇದರಲ್ಲಿ ಒಂದು ತಮಾಷೆಯೂ ಇದೆ. ಈಗಿನ ಬಹಳಷ್ಟು ಕಾರುಗಳಲ್ಲಿ ಕಂಪ್ಯೂಟರ್ ಪ್ರತಿ ಚಕ್ರದ ವೇಗ ನೋಡುತ್ತಿರುತ್ತದೆ. ಒಂದು ಜೋಡಿ ಜಾಸ್ತಿ ತಿರುಗಿದರೆ ಗಾಡಿ ಕೆಸರಿನಲ್ಲಿ ಜಾರುತ್ತಿದೆ ಅಂದುಕೊಂಡು ಕಪ್ಲಿಂಗ್ ಬಿಗಿ ಮಾಡಬಹುದು. ನೀವಿರುವುದು ಏಪ್ರಿಲ್ ಬಿಸಿಲಿನ ಒಣ ಡಾಂಬರಿನ ಮೇಲೆ, ಅದರ ತಲೆಯಲ್ಲಿ ಮಾತ್ರ ಸಿರುಗುಪ್ಪದ ಭತ್ತದ ಗದ್ದೆ! ವಿಸ್ಕಸ್ ಕಪ್ಲಿಂಗ್ (ದಪ್ಪ ಆಯಿಲಿನ ಮೂಲಕ ಎಳೆತ ದಾಟಿಸುವಂಥದ್ದು) ಇರುವ ಗಾಡಿಯಾದರೆ ಒಳಗಿನ ಸಿಲಿಕೋನ್ ಆಯಿಲ್ ಬಿಸಿಯಾಗಿ, ಕೆಟ್ಟು, ಕೊನೆಗೆ ಕಪ್ಲಿಂಗ್ ಹಿಡಿದುಕೊಂಡೇ ಬಿಡುತ್ತದೆ. ನಡುವೆ ಡಿಫರೆನ್ಷಿಯಲ್ (ಮುಂದಿನ, ಹಿಂದಿನ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳು) ಇರುವ ಗಾಡಿ ಸ್ವಲ್ಪ ಹೆಚ್ಚು ತಾಳುತ್ತದೆ. ಆದರೆ ಅಲ್ಲೂ ಒಳಗಿನ ಚಿಕ್ಕ ಗೇರುಗಳಿಗೆ ಬಿಡುವೇ ಇರುವುದಿಲ್ಲ.

ಥಾರ್, ಜಿಮ್ನಿ, ಹಳೇ ಜಿಪ್ಸಿಯ ಕಥೆ ಬೇರೆ. ಇವುಗಳಲ್ಲಿ ಲಿವರ್ ಹಾಕಿದರೆ ಮಾತ್ರ ನಾಲ್ಕು ಚಕ್ರ ಎಳೆಯುತ್ತವೆ. 2 ಎಚ್‌ನಲ್ಲಿ, ಅಂದರೆ ಎರಡೇ ಚಕ್ರ ಎಳೆಯುವ ಹಾಗೆ, ಓಡಿಸುವಾಗ ಮುಂದೆ ಹಿಂದೆ ವ್ಯತ್ಯಾಸ ಇದ್ದರೂ ಟ್ರಾನ್ಸ್‌ಫರ್ ಕೇಸಿಗೆ (ಎಳೆತವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಗೇರು ಪೆಟ್ಟಿಗೆ) ತೊಂದರೆ ಇಲ್ಲ. 4 ಎಚ್, ಅಂದರೆ ನಾಲ್ಕೂ ಚಕ್ರ ಎಳೆಯುವ ಹಾಗೆ, ಹಾಕಿದ ಕೂಡಲೇ ಎರಡೂ ಶಾಫ್ಟು ಗಟ್ಟಿಯಾಗಿ ಕಟ್ಟಿಕೊಳ್ಳುತ್ತವೆ. ಕೆಸರಿನಲ್ಲಿ ಟೈರ್ ಜಾರಿ ಬಿಗಿ ಸಡಿಲವಾಗುತ್ತದೆ. ಡಾಂಬರಿನ ಮೇಲೆ ಜಾರಲು ಜಾಗ ಇಲ್ಲ, ಹಗ್ಗ ಹೊಸೆದ ಹಾಗೆ ಒಳಗೇ ಬಿಗಿಯುತ್ತಾ ಹೋಗುತ್ತದೆ. ಗಣಿ ಕಡೆಯಿಂದ ಬರುವ ಎಷ್ಟೋ ಡ್ರೈವರ್‌ಗಳು "ಅಣ್ಣ, ಲಿವರ್ ವಾಪಸ್ ಬರ್ತಿಲ್ಲ" ಅನ್ನುವುದು ಇದಕ್ಕೇ. ನಾಲ್ಕು ಟೈರ್ ಒಂದೇ ಇದ್ದರೂ ಒಣ ರಸ್ತೆಯಲ್ಲಿ 4 ಎಚ್ ಹಾಕಬಾರದು. ಟೈರ್ ಬೇರೆ ಬೇರೆ ಇದ್ದರಂತೂ ಕೇಳಲೇಬೇಡಿ.

ಈಗ ಪರೀಕ್ಷೆ ಮಾಡುವುದು ಹೇಗೆ ನೋಡಿ. ಬೆಳಿಗ್ಗೆ ಗಾಡಿ ಓಡಿಸುವ ಮೊದಲು ನಾಲ್ಕೂ ಟೈರಿಗೆ ಗಾಳಿ ಹಾಕಿಸಿ, ಬಾಗಿಲ ಪಕ್ಕದ ಸ್ಟಿಕರ್‌ನಲ್ಲಿ ಎಷ್ಟಿದೆಯೋ ಅಷ್ಟು. ನಮ್ಮ ಮಧ್ಯಾಹ್ನದ ಬಿಸಿಲಿನಲ್ಲಿ, ಅದೂ ಓಡಿಸಿ ಬಂದು ನೋಡಿದರೆ ಲೆಕ್ಕ ತಪ್ಪುತ್ತದೆ. ಸಮತಟ್ಟಾದ ನೇರ ಜಾಗ ಬೇಕು, ಇಪ್ಪತ್ತೈದು ಮೀಟರ್ ಇದ್ದರೆ ಸಾಕು. ಸ್ಟೀರಿಂಗ್ ನೇರ ಮಾಡಿ. ನಾಲ್ಕು ಟೈರಿನ ಪಕ್ಕದ ಗೋಡೆಯ ಮೇಲೂ, ನೆಲಕ್ಕೆ ಮುಟ್ಟುವ ಜಾಗದಲ್ಲಿ ಚಾಕ್‌ಪೀಸಿನಿಂದ ಗೆರೆ ಎಳೆಯಿರಿ. ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿ, ಒಬ್ಬರು ಸ್ಟೀರಿಂಗ್ ಹಿಡಿದು ಕೂತು, ಇಬ್ಬರು ಮೆಲ್ಲಗೆ ತಳ್ಳಿ. ಮುಂದಿನ ಎಡ ಚಕ್ರದ ಸುತ್ತು ಎಣಿಸಿ. ಹತ್ತನೇ ಸಲ ಅದರ ಗೆರೆ ನೆಲಕ್ಕೆ ಬಂದಾಗ ನಿಲ್ಲಿಸಿ.

ಈಗ ಉಳಿದ ಮೂರು ಗೆರೆ ನೋಡಿ. ಟೈರ್ ಎಲ್ಲಾ ಒಂದೇ ಇದ್ದರೆ ಅವೂ ನೆಲದಲ್ಲೇ ಇರುತ್ತವೆ. ಯಾವುದರ ಗೆರೆ ನೆಲ ದಾಟಿ ಮುಂದೆ ತಿರುಗಿದೆಯೋ ಅದು ಸಣ್ಣ ಟೈರ್. ಎಷ್ಟು ದಾಟಿದೆ ಅನ್ನುವುದನ್ನು ಟೈರಿನ ಮೇಲೇ ಟೇಪ್ ಹಿಡಿದು ಅಳೆಯಿರಿ, ಹತ್ತರಿಂದ ಭಾಗಿಸಿ. ಅದೇ ಸುತ್ತಳತೆಯ ವ್ಯತ್ಯಾಸ. ಆ ಗುತ್ತಿಗೆದಾರರ ಕಾರನ್ನು ಅವತ್ತು ಹೀಗೆ ತಳ್ಳಿದ್ದರೆ ಗೆರೆ ಒಂದು ಅಡಿ ದಾಟಿ ನಿಲ್ಲುತ್ತಿತ್ತು. ಕಣ್ಣಿಗೆ ಹೊಡೆದ ಹಾಗೆ ಕಾಣುತ್ತಿತ್ತು. ಮುಂದೆ ಎಂಜಿನ್ ಭಾರ ಇರುವುದರಿಂದ ಒಂದೆರಡು ಸೆಂ.ಮೀ. ಆಚೀಚೆ ಆದರೆ ತಲೆ ಕೆಡಿಸಿಕೊಳ್ಳಬೇಡಿ.

ಎಷ್ಟರವರೆಗೆ ನಡೆಯುತ್ತದೆ? ಆಲ್ ವೀಲ್ ಡ್ರೈವ್‌ಗೆ ಹೆಸರಾದ ಜಪಾನಿನ ಸುಬಾರು ಕಂಪನಿ ಸುತ್ತಳತೆಯಲ್ಲಿ ಕಾಲು ಇಂಚಿಗಿಂತ ಹೆಚ್ಚು ವ್ಯತ್ಯಾಸ ಬೇಡ ಅನ್ನುತ್ತದೆ. ಅಂದರೆ 6 ಮಿ.ಮೀ. ಚಿಲ್ಲರೆ. ಟ್ರೆಡ್ ಆಳದಲ್ಲಿ 1 ಮಿ.ಮೀ. ವ್ಯತ್ಯಾಸ ಇದ್ದರೆ ಅಷ್ಟಾಯಿತು. ಬೇರೆ ಕೆಲವು ಕಂಪನಿಗಳು ಇದಕ್ಕಿಂತ ಸ್ವಲ್ಪ ಜಾಸ್ತಿ ಬಿಡುತ್ತವೆ. ನಿಮ್ಮ ಗಾಡಿಯ ಪುಸ್ತಕದಲ್ಲಿ ಏನಿದೆಯೋ ಅದೇ ಕೊನೆಯ ಮಾತು. ನನ್ನ ಅಂಗಡಿಯಲ್ಲಿ ಹತ್ತು ಸುತ್ತಿಗೆ 6 ಸೆಂ.ಮೀ. ದಾಟಿದರೆ ಗಿರಾಕಿಗೆ ಹೇಳಿಬಿಡುತ್ತೇನೆ.

ಸೈಜೇ ಬೇರೆ ಹಾಕುವುದು ಇದಕ್ಕಿಂತ ಕೆಟ್ಟದ್ದು. 65ರ ಜಾಗಕ್ಕೆ 60 ಹಾಕಿದರೆ ಟೈರ್ ಹೊಸದಿರುವಾಗಲೇ ಎತ್ತರ 21 ಮಿ.ಮೀ. ಕಮ್ಮಿ. ಕಿ.ಮೀ.ಗೆ ಹದಿನೈದು ಸುತ್ತು ಜಾಸ್ತಿ. "ರಿಮ್ ಒಂದೇ ಅಲ್ವಾ, ಕೂರುತ್ತೆ ಬಿಡಿ" ಅನ್ನುವವರಿದ್ದಾರೆ. ಕೂರುವುದೇನೋ ಕೂರುತ್ತದೆ. ಇನ್ನೊಂದು, ಒಂದೇ ಸೈಜು ಬರೆದಿದ್ದರೂ ಕಂಪನಿ ಬೇರೆಯಾದರೆ ನಿಜವಾದ ಅಳತೆ ಸ್ವಲ್ಪ ಬೇರೆ ಇರುತ್ತದೆ. ಹಾಗಾಗಿ ಕಂಪನಿ, ಮಾದರಿ, ಸೈಜು ಮೂರೂ ಒಂದೇ ಇರಲಿ.

ಕೊಳ್ಳುವಾಗ ನಾಲ್ಕನ್ನೂ ಒಟ್ಟಿಗೆ ಕೊಳ್ಳಿ. ಒಮ್ಮೆಗೇ ದುಡ್ಡು ಜಾಸ್ತಿ, ನನಗೂ ಗೊತ್ತು. ಅದಕ್ಕೇ ಟೈರ್ ಅದಲು ಬದಲು ಮಾಡಿಸುವುದನ್ನು ಬಿಡಬೇಡಿ. 10,000 ಕಿ.ಮೀ.ಗೆ ಒಂದು ಸಲ ಮುಂದಿನದು ಹಿಂದೆ, ಹಿಂದಿನದು ಮುಂದೆ ಹೋದರೆ ನಾಲ್ಕೂ ಹೆಚ್ಚುಕಮ್ಮಿ ಒಂದೇ ಹದಕ್ಕೆ ಸವೆಯುತ್ತವೆ. ಮುಂದಿನ ಎರಡೇ ಬೋಳಾಗುವ ಪ್ರಸಂಗವೇ ಬರುವುದಿಲ್ಲ. ಆ ಗುತ್ತಿಗೆದಾರರ ಗಾಡಿಯಲ್ಲಿ ಇದೊಂದನ್ನು ಮಾಡಿದ್ದರೆ ಮುಂದಿನದೆಲ್ಲ ಆಗುತ್ತಲೇ ಇರಲಿಲ್ಲ. ನಾನು ಹೇಳಿರಲಿಲ್ಲ, ಅವರು ಕೇಳಿರಲಿಲ್ಲ.

ಒಂದೇ ಟೈರ್ ಹರಿದರೆ? ಅದಿರು ಲಾರಿಯಿಂದ ಬಿದ್ದ ಕಲ್ಲು ಪಕ್ಕದ ಗೋಡೆಗೆ ಹೊಡೆದರೆ ಹೀಗಾಗುತ್ತದೆ, ತೋರಣಗಲ್ಲು ದಾರಿಯಲ್ಲಿ ಓಡಾಡುವವರಿಗೆ ಹೇಳಬೇಕಿಲ್ಲ. ಆಗ ಅದೇ ಕಂಪನಿಯ, ಅಷ್ಟೇ ಸವೆದ ಹಳೇ ಟೈರ್ ಹುಡುಕಿ. ಹಳೇ ಟೈರ್ ಬೇಡ ಅಂತ ನಾನು ಉಳಿದ ಎಲ್ಲರಿಗೂ ಹೇಳುತ್ತೇನೆ, ಇಲ್ಲಿ ಮಾತ್ರ ಹುಡುಕಿ ಅನ್ನುತ್ತೇನೆ. ತಯಾರಾದ ತಾರೀಕು ನೋಡುವುದನ್ನು ಮರೆಯಬೇಡಿ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2322 ಅಂದರೆ 2022ರ 23ನೇ ವಾರ. ತೀರಾ ಹಳೆಯದಾಗಿ ಬಿರುಕು ಬಿಟ್ಟಿದ್ದರೆ ಟ್ರೆಡ್ ಎಷ್ಟೇ ಇದ್ದರೂ ಬೇಡ.

ನನ್ನ ಮಾವ ಸಿರುಗುಪ್ಪದ ಹತ್ತಿರ ಭತ್ತ ಬೆಳೆಯುತ್ತಾರೆ. ಅವರ ಫೋರ್ ವೀಲ್ ಡ್ರೈವ್ ಟ್ರ್ಯಾಕ್ಟರ್ ನೋಡಿ ಒಬ್ಬ ಹುಡುಗ ಕೇಳಿದ, "ಅದರಲ್ಲಿ ಮುಂದಿನ ಗಾಲಿ ಸಣ್ಣದು, ಹಿಂದಿನದು ದೊಡ್ಡದು. ಅದಕ್ಕೇನೂ ಆಗಲ್ವಾ?" ಒಳ್ಳೇ ಪ್ರಶ್ನೆ. ಅದರ ಗೇರುಗಳನ್ನು ಆ ಎರಡು ಅಳತೆಗೇ ಹೊಂದಿಸಿ ಮಾಡಿರುತ್ತಾರೆ. ಮುಂದಿನ ಗಾಲಿ ನೂರಕ್ಕೆ ಒಂದರಿಂದ ಐದರಷ್ಟು ಮುಂದೆ ಎಳೆಯುವ ಹಾಗೆ ಲೆಕ್ಕ ಇಟ್ಟಿರುತ್ತಾರೆ. ಹಿಂದಕ್ಕೆ ಬೇರೆ ಸೈಜಿನ ದೊಡ್ಡ ಟೈರ್ ಹಾಕಿ ಮುಂದಿನದು ಬೋಳಾಗೇ ಬಿಟ್ಟರೆ ಆ ಲೆಕ್ಕ ತಲೆಕೆಳಗಾಗುತ್ತದೆ. ಗದ್ದೆಯಿಂದ ರಸ್ತೆಗೆ ಹತ್ತಿದ ಮೇಲೆ ಲಿವರ್ ತೆಗೆಯದೆ ಟ್ರೇಲರ್ ಎಳೆದರೂ ಮುಂದಿನ ಟೈರ್ ಬೇಗ ಸವೆಯುತ್ತದೆ. ಮಾವನಿಗೆ ಹತ್ತು ಸಲ ಹೇಳಿದ್ದೇನೆ. "ನೋಡೋಣ ಬಿಡಪ್ಪ" ಅನ್ನುತ್ತಾರೆ.

ಈಗಾಗಲೇ ಬೇರೆ ಬೇರೆ ಟೈರಿನಲ್ಲಿ ಓಡಿಸುತ್ತಿದ್ದರೆ ಖಾಲಿ ಮೈದಾನದಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ಮೆಲ್ಲಗೆ ಒಂದು ಸುತ್ತು ಹಾಕಿ. ಗಾಡಿ ಕುಪ್ಪಳಿಸಿದರೆ, ಕಿಟಕಿ ಇಳಿಸಿದಾಗ ಸುಟ್ಟ ವಾಸನೆ ಬಂದರೆ, ಅಥವಾ ಮೀಟರಿನಲ್ಲಿ ಆಲ್ ವೀಲ್ ಡ್ರೈವ್ ದೀಪ ಉರಿದರೆ ಗಾಡಿ ನಿಲ್ಲಿಸಿ. ಮೊದಲು ನಾಲ್ಕು ಟೈರ್ ಸರಿಮಾಡಿ, ಆಮೇಲೆ ಟ್ರಾನ್ಸ್‌ಫರ್ ಕೇಸು ಮತ್ತು ಹಿಂದಿನ ಅಚ್ಚಿನ ಗೇರು ಪೆಟ್ಟಿಗೆಯ ಆಯಿಲ್ ಇಳಿಸಿ ನೋಡಿ. ಆಯಿಲ್ ಬರೀ ಬಣ್ಣ ಬದಲಿಸಿದ್ದರೆ ಹೊಸ ಆಯಿಲ್ ಹಾಕಿ ಓಡಿಸಬಹುದು. ಬೆರಳಿನ ನಡುವೆ ಉಜ್ಜಿದಾಗ ಮಿಂಚುವ ಪುಡಿ ಸಿಕ್ಕಿದರೆ ಬಿಚ್ಚಲೇಬೇಕು.

ಕೊನೆಗೆ ಸ್ಟೆಪ್ನಿ. ಕೆಲವು ಗಾಡಿಗಳಲ್ಲಿ ಅದು ತೆಳ್ಳಗೆ, ಸಣ್ಣಗೆ ಇರುತ್ತದೆ. ಅದನ್ನು ಹಾಕಿಕೊಂಡು ಬೆಂಗಳೂರಿಗೆ ಹೋಗಬೇಡಿ, ಹತ್ತಿರದ ಪಂಕ್ಚರ್ ಅಂಗಡಿಗೆ ಹೋಗಿ. 2 ವೀಲ್‌ಗೆ ತಿರುಗಿಸುವ ಗುಂಡಿ ಇದ್ದರೆ ತಿರುಗಿಸಿ ಹೋಗಿ. ಸ್ಟೆಪ್ನಿ ಪೂರ್ತಿ ಸೈಜಿನದಾಗಿದ್ದು, ರಿಮ್ಮೂ ಟೈರೂ ಉಳಿದ ನಾಲ್ಕರಂತೆಯೇ ಇದ್ದರೆ, ಮೊದಲ ದಿನದಿಂದಲೇ ಅದಲು ಬದಲಿಗೆ ಅದನ್ನೂ ಸೇರಿಸಿ ಐದು ಟೈರ್ ತಿರುಗಿಸಿ.