ಇಳಿಜಾರಿನಲ್ಲಿ ಕೈಕೊಡುತ್ತಿದ್ದ ಡಿಸ್ಕ್ ಬ್ರೇಕ್ ಸರಿಯಾದದ್ದು ಹೀಗೆ

ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರ್. ಆ ಸುತ್ತಿನ ಅಂಕುಡೊಂಕು ಹಾದಿಗಳಲ್ಲಿ ಮೌಂಟನ್ ಬೈಕ್ ಇಳಿಸುವಾಗ ಅರ್ಧ ದಾರಿಗೇ ನನ್ನ ಮುಂದಿನ ಬ್ರೇಕ್ ಹಿಡಿಯುತ್ತಿರಲಿಲ್ಲ. ಜೊತೆಗೆ ಕಿರ್‍ರೆನ್ನುವ ಸದ್ದು.

ಮೊದಲು ಲಿವರ್ ಒತ್ತಿ ನೋಡಿದೆ. ಮೆತ್ತಗಾಗಿದ್ದರೆ ಆಯಿಲ್ ಲೈನಿನೊಳಗೆ ಗಾಳಿ ಸೇರಿದೆ ಎಂದರ್ಥ, ಬ್ಲೀಡ್ ಮಾಡಿಸಬೇಕು, ಅಂದರೆ ಆ ಗಾಳಿಯನ್ನು ಹೊರಗೆ ತೆಗೆಸಬೇಕು. ನನ್ನದು ಗಟ್ಟಿಯಾಗಿಯೇ ಇತ್ತು. ಹಾಗಾದರೆ ತೊಂದರೆ ಚಕ್ರದ ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡಿನಲ್ಲೇ ಅಲ್ವಾ? ಬಿಚ್ಚಿದಾಗ ಅದರ ಮೈ ಗಾಜಿನ ಹಾಗೆ ಹೊಳೆಯುತ್ತಿತ್ತು. ಜಾಸ್ತಿ ಬಿಸಿಯಾದರೆ ರೆಸಿನ್ (ರಾಳದಂಥ ಅಂಟಿನಿಂದ ಬೆಸೆದ) ಪ್ಯಾಡ್ ಹೀಗಾಗುತ್ತದೆ.

ಉಪ್ಪುಕಾಗದದಿಂದ ಹೊಳಪು ಹೋಗುವವರೆಗೆ ಉಜ್ಜಿದೆ. ಆ ಪುಡಿ ಉಸಿರಿಗೆ ಹೋಗಬಾರದು, ಮಾಸ್ಕ್ ಹಾಕಿಕೊಳ್ಳಿ. ಡಿಸ್ಕನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿದೆ. ಆಮೇಲೆ ಬರಿಗೈಯಲ್ಲಿ ಮುಟ್ಟಲೇಬೇಡಿ, ಬೆರಳಿನ ಜಿಡ್ಡೂ ಸಾಕು ಬ್ರೇಕ್ ಕೆಡಿಸಲು. ನಂತರ ಸಮತಟ್ಟಾದ ರಸ್ತೆಯಲ್ಲಿ ವೇಗ ತೆಗೆದುಕೊಂಡು, ಚಕ್ರ ಪೂರ್ತಿ ನಿಲ್ಲದಂತೆ ಬ್ರೇಕ್ ಒತ್ತುತ್ತಾ ಹೋದೆ. ಹಿಡಿತ ಮರಳುವವರೆಗೆ ಇದನ್ನೇ ಮಾಡಿದೆ. ಈ ಕೆಲಸವನ್ನು ದಯವಿಟ್ಟು ಬಿಡಬೇಡಿ.

ಉದ್ದದ ಇಳಿಜಾರಿಗೆ ಸಿಂಟರ್ಡ್ (ಲೋಹದ ಪುಡಿಯನ್ನು ಬಿಸಿ ಮಾಡಿ ಒತ್ತಿ ಬೆಸೆದ) ಪ್ಯಾಡ್ ಹೆಚ್ಚು ಬಾಳುತ್ತದೆ, ಬಿಸಿಯನ್ನೂ ತಡೆಯುತ್ತದೆ. ಕೆಲವು ಡಿಸ್ಕ್‌ಗಳಿಗೆ ರೆಸಿನ್ ಪ್ಯಾಡ್ ಮಾತ್ರ ಹಾಕಬೇಕು. ಡಿಸ್ಕ್ ಮೇಲೆ ಬರೆದಿರುತ್ತದೆ, ನೋಡಿ ಕೊಳ್ಳಿ.

ಉಳಿದದ್ದು ಓಡಿಸುವ ರೀತಿ. ದಾರಿಯುದ್ದಕ್ಕೂ ಸುಮ್ನೆ ಬ್ರೇಕ್ ಹಿಡಿದುಕೊಂಡೇ ಇಳಿದರೆ ಡಿಸ್ಕ್ ತಣ್ಣಗಾಗಲು ಬಿಡುವೇ ಸಿಗುವುದಿಲ್ಲ. ತಿರುವಿಗೆ ಮುಂಚೆಯೇ ಎರಡೂ ಬ್ರೇಕ್ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ. ತಿರುಗುವಾಗ ಕೈ ಸಡಿಲಿಸಿ, ಕಣ್ಣು ಮುಂದಿನ ದಾರಿಯ ಮೇಲಿರಲಿ. ಎದುರಿಗೆ ನಡೆದು ಹತ್ತುವವರು ಸಿಕ್ಕರೆ ನಿಂತು ಅವರಿಗೆ ದಾರಿ ಬಿಡಿ.